ಮನೆಯವರೇ ಪಿನ್ ಬದಲಿಸಿಬಿಟ್ಟರೆ ಲ್ಯಾಪ್‌ಟಾಪ್ ಮತ್ತೆ ತೆರೆಯುವುದು ಹೇಗೆ

ಕಳೆದ ಸಲ ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ಒಂದು ಸಂಜೆ ಲ್ಯಾಪ್‌ಟಾಪ್ ತೆರೆದೆ. ಮೂರು ವರ್ಷದಿಂದ ಒತ್ತುತ್ತಿದ್ದ ಅದೇ ಪಿನ್ ಒತ್ತಿದೆ. ತಪ್ಪು ಎಂದಿತು. ಮತ್ತೆ ಒತ್ತಿದೆ, ಮತ್ತೆ ತಪ್ಪು. ಹಿಂದಿನ ದಿನವಷ್ಟೇ ಮೈದುನ ತೋಟದ ಪಾಲಿನ ವಿಷಯಕ್ಕೆ ಸಿಟ್ಟು ಮಾಡಿಕೊಂಡು ಬೆಂಗಳೂರಿಗೆ ಹೊರಟುಹೋಗಿದ್ದ. ಹೋಗುವ ಮೊದಲು ಅರ್ಧ ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ತಂದಾಗ ಎಲ್ಲ ಸೆಟ್ ಮಾಡಿಕೊಟ್ಟವನೂ ಅವನೇ, ಹಳೆಯ ಪಿನ್ ಗೊತ್ತಿದ್ದವನೂ ಅವನೇ.

ಒಳಗೆ ಅಡಿಕೆ ಸುಲಿಯುವವರ ಕೂಲಿ ಲೆಕ್ಕ ಇತ್ತು. ಮಂಡಿಗೆ ಹಾಕಿದ ರಾಶಿ, ಬೆಟ್ಟೆ ಅಡಿಕೆಯ ತೂಕ ಇತ್ತು. ತೀರಿಹೋದ ಮಾವನವರ ಫೋಟೋಗಳಿದ್ದವು. ಅವು ಬೇರೆ ಎಲ್ಲೂ ಇಲ್ಲ. ಅದಕ್ಕೇ ಹೇಳುತ್ತೇನೆ, ಗಾಬರಿಯಲ್ಲಿ ಯಾರ ಕೈಗೂ ಲ್ಯಾಪ್‌ಟಾಪ್ ಕೊಡಬೇಡಿ. ನಾನು ಮೊದಲು ಒಂದು ಅಂಗಡಿಗೆ ಒಯ್ದೆ. ನೋಡಿದ ತಕ್ಷಣ "ಫಾರ್ಮ್ಯಾಟ್ ಮಾಡ್ಬೇಕು ಮೇಡಂ" ಎಂದರು. ಒಳಗೇನಿದೆ ಎಂದು ಕೇಳಲೂ ಇಲ್ಲ. ವಾಪಸ್ ತಂದೆ.

ಮೊದಲು ಕೇಳಿ. ಫೋನಿನಲ್ಲಿ ಜಗಳವಾಗುತ್ತದೆ, ಬರೆದು ಕಳಿಸಿ. ನಾನು ವಾಟ್ಸಾಪ್‌ನಲ್ಲಿ ಇಷ್ಟೇ ಬರೆದೆ: "ಪಿನ್ ಬದಲಿಸಿದ್ದೀಯ, ಹೊಸದು ಕಳಿಸು. ಕೂಲಿ ಲೆಕ್ಕ ನೋಡಬೇಕು. ತೋಟದ ಮಾತು ಬೇರೆ, ಇದು ಬೇರೆ." ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆದರೂ ಆ ಮೆಸೇಜ್ ಅಳಿಸಲಿಲ್ಲ. ಕೊಂಡ ಬಿಲ್ ನನ್ನ ಹೆಸರಿನಲ್ಲಿತ್ತು, ಅದನ್ನೂ ತೆಗೆದಿಟ್ಟೆ. ಯಂತ್ರ ನಿಮ್ಮದಲ್ಲ, ಅವರದ್ದು ಎಂದಾದರೆ ಮುಂದಿನದ್ದು ಯಾವುದನ್ನೂ ಮಾಡಬೇಡಿ. ಕೇಳಿ ಪಡೆಯುವುದೊಂದೇ ದಾರಿ.

ಈಗ ಮುಖ್ಯವಾದದ್ದು. ಲಾಗಿನ್ ಆಗುವ ಖಾತೆ ಯಾರದ್ದು? ವಿಂಡೋಸ್‌ನಲ್ಲಿ ಎರಡು ಬಗೆ ಇವೆ. ಒಂದು ಮೈಕ್ರೋಸಾಫ್ಟ್ ಖಾತೆ, ಅದಕ್ಕೊಂದು ಇಮೇಲ್ ಇರುತ್ತದೆ. ಇನ್ನೊಂದು ಆ ಯಂತ್ರದೊಳಗೇ ಇರುವ ಲೋಕಲ್ ಖಾತೆ. ನನ್ನದು ಮೊದಲನೆಯದು, ಇಮೇಲ್ ಕೂಡ ನನ್ನದೇ. ಹಾಗಿದ್ದರೆ ಪಿನ್ ಹೋದರೂ ಮನೆ ನಿಮ್ಮದೇ, ಬೀಗ ಮಾತ್ರ ಬದಲಾಗಿದೆ.

ಖಾತೆಯ ಪಾಸ್‌ವರ್ಡ್ ನೆನಪಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಫೋನಿನ ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಲಾಗಿನ್ ಪುಟ ತೆರೆಯಿರಿ, ಇಮೇಲ್ ಹಾಕಿ, 'ಫರ್ಗಾಟ್ ಪಾಸ್‌ವರ್ಡ್' ಒತ್ತಿ. ಕೋಡ್ ಎಲ್ಲಿಗೆ ಕಳಿಸಬೇಕು ಎಂದು ಕೇಳುತ್ತದೆ. ನನಗೆ ಒಂದು ಫೋನ್ ನಂಬರಿನ ಕೊನೆಯ ಎರಡು ಅಂಕಿ ಕಾಣಿಸಿತು. ನನ್ನದಲ್ಲ, ಮೈದುನನದು. ಎದೆ ಧಸಕ್ಕೆಂದಿತು. ಅದರ ಕೆಳಗೆ ಇನ್ನೊಂದು ಸಾಲಿತ್ತು, ಮಗಳ ಇಮೇಲ್. ಯಾವತ್ತೋ ಸೇರಿಸಿದ್ದು ಮರೆತೇಹೋಗಿತ್ತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡ ಹತ್ತಿ, ನೇರಳೆ ಮರದ ಹತ್ತಿರ ನಿಂತು ಮಂಗಳೂರಿನಲ್ಲಿ ಓದುತ್ತಿರುವ ಮಗಳಿಗೆ ಫೋನ್ ಮಾಡಿದೆ. ಅವಳು ಮೇಲ್ ತೆರೆದು ಕುಳಿತ ಮೇಲೆ ಕೋಡ್ ತರಿಸಿದೆ. ಅವಳು ಒಂದೊಂದೇ ಅಂಕಿ ಓದಿದಳು, ನಾನು ಹಾಕಿದೆ. ನಮ್ಮ ಕಡೆ ಹೀಗೇ ಮಾಡಬೇಕು. ಕೋಡ್‌ನ ಅವಧಿ ಬೇಗ ಮುಗಿಯುತ್ತದೆ, ಸಿಗ್ನಲ್ ಇರುವ ಜಾಗಕ್ಕೆ ಹೋದ ಮೇಲೇ ಶುರುಮಾಡಿ.

ಹೊಸ ಪಾಸ್‌ವರ್ಡ್ ಇಟ್ಟ ಮೇಲೆ ಲ್ಯಾಪ್‌ಟಾಪ್ ಮುಂದೆ ಬನ್ನಿ. ಲಾಗಿನ್ ಪರದೆಯ ಬಲಗಡೆ ಕೆಳಗೆ ಇರುವ ಗುರುತು ಒತ್ತಿ ವೈಫೈಗೆ ಸೇರಿಸಿ. ಇಂಟರ್‌ನೆಟ್ ಇಲ್ಲದೆ ಇದು ಆಗುವುದಿಲ್ಲ. ಆಮೇಲೆ 'ಐ ಫರ್ಗಾಟ್ ಮೈ ಪಿನ್' ಒತ್ತಿ, ಪಾಸ್‌ವರ್ಡ್ ಹಾಕಿ, ಹೊಸ ಪಿನ್ ಇಡಿ. ನನ್ನದು ತೆರೆಯಿತು. ಒಂದು ಫೈಲೂ ಹೋಗಿರಲಿಲ್ಲ.

ಕೋಡ್ ಹೋಗುವ ಎಲ್ಲ ದಾರಿಯೂ ಅವರ ಕೈಯಲ್ಲೇ ಇದ್ದರೆ ಮೈಕ್ರೋಸಾಫ್ಟ್‌ನ ರಿಕವರಿ ಫಾರ್ಮ್ ತುಂಬಬೇಕು. ಹಳೆಯ ಪಾಸ್‌ವರ್ಡ್‌ಗಳು, ಇತ್ತೀಚೆಗೆ ಕಳಿಸಿದ ಮೇಲ್‌ಗಳ ವಿಷಯ ಎಲ್ಲ ಕೇಳುತ್ತಾರೆ. ಪಾಸ್‌ವರ್ಡ್ ಜೊತೆಗೆ ಕೋಡ್ ಕೂಡ ಕೇಳುವ ಎರಡು ಹಂತದ ಪರಿಶೀಲನೆ ಹಾಕಿದ್ದರೆ ಆ ಫಾರ್ಮ್ ಕೆಲಸಕ್ಕೆ ಬರುವುದಿಲ್ಲ.

ಲೋಕಲ್ ಖಾತೆಯಾದರೆ ಬೇಕೆಂದೇ ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ. 'ರೀಸೆಟ್ ಪಾಸ್‌ವರ್ಡ್' ಎಂದು ಬಂದರೆ ಮೂರು ಪ್ರಶ್ನೆಗೆ ಉತ್ತರ ಕೊಟ್ಟು ಬದಲಿಸಬಹುದು. ಹುಟ್ಟಿದ ಊರು, ಮೊದಲ ಶಾಲೆ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು, ಇಂಥವು. ಇವು ನೆಂಟರಿಗೆಲ್ಲ ಗೊತ್ತಿರುತ್ತವೆ ಅಲ್ವಾ? ಹಾಗಾಗಿ ಮುಂದೆ ಉತ್ತರ ಇಡುವಾಗ ನಿಜದ ಉತ್ತರ ಇಡಬೇಡಿ.

ಇದ್ಯಾವುದೂ ಆಗದಿದ್ದರೆ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಿ ಫೈಲ್ ತೆಗೆಯಬಹುದು. ಆದರೆ ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಒಳಗಿನದ್ದು ಓದಲಾಗದಂತೆ ಗುಪ್ತವಾಗಿರುತ್ತದೆ. ಆಗ ಅದನ್ನು ತೆರೆಯುವ 48 ಅಂಕಿಯ ರಿಕವರಿ ಕೀ ಇಲ್ಲದೆ ಎಂಥ ಜಾಣ ರಿಪೇರಿಯವನೂ ಏನೂ ಮಾಡಲಾರ. ಸಾಮಾನ್ಯವಾಗಿ ಆ ಕೀ ಮೊದಲು ಸೆಟ್ ಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಹಾಗಾಗಿ ಹೊಸ ಲ್ಯಾಪ್‌ಟಾಪ್ ತಂದ ದಿನ ಯಾರಾದರೂ "ನಾನು ಮಾಡ್ಕೊಡ್ತೀನಿ ಬಿಡಿ ಅತ್ತಿಗೆ" ಎಂದರೆ ಪಕ್ಕದಲ್ಲೇ ಕೂತು ನಿಮ್ಮ ಇಮೇಲನ್ನೇ ಹಾಕಿಸಿ. ಫಾರ್ಮ್ಯಾಟ್ ಮಾತು ಎಲ್ಲದಕ್ಕಿಂತ ಕೊನೆಗೆ ಬರಲಿ, ಅದರಲ್ಲಿ ಫೈಲುಗಳು ಹೋಗುತ್ತವೆ.

ಒಳಗೆ ಹೋದ ಮೇಲೆ ಸುಮ್ನೆ ಕೂರಬೇಡಿ. ನಾನು ಅದೇ ರಾತ್ರಿ ಖಾತೆಯಿಂದ ಮೈದುನನ ನಂಬರ್ ತೆಗೆದು ನನ್ನದು ಹಾಕಿದೆ. ಸೆಟ್ಟಿಂಗ್ಸ್‌ನ 'ಸೈನ್ ಇನ್ ಆಪ್ಷನ್ಸ್'ನಲ್ಲಿ ಇದ್ದ ಬೆರಳಚ್ಚು ತೆಗೆದೆ. ದೂರದಿಂದ ನಡೆಸುವ ಎನಿಡೆಸ್ಕ್ ಇತ್ತು, ಅದನ್ನೂ ಕಿತ್ತೆ.

ಅತ್ತೆಯವರು ಹಿರಿಯರನ್ನು ಕೂರಿಸಿ ಮಾತಾಡೋಣ ಎಂದರು, ಒಪ್ಪಿದೆ. ಪೊಲೀಸರ ಹತ್ತಿರ ಹೋಗಲಿಲ್ಲ. ಆದರೆ ಹಕ್ಕಿರುವವರು ತಮ್ಮ ಕಂಪ್ಯೂಟರ್ ಬಳಸದಂತೆ ಅಪ್ರಾಮಾಣಿಕವಾಗಿ ತಡೆಯುವುದು 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ ಅಪರಾಧ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನನ್ನ ರಿಕವರಿ ಕೀಯ 48 ಅಂಕಿಯನ್ನು ಕಾಗದದಲ್ಲಿ ಬರೆದು ಪಹಣಿ ಇಡುವ ಕವರಿನೊಳಗೆ ಇಟ್ಟಿದ್ದೇನೆ. ಒಂದು ಪ್ರತಿ ಮಗಳ ಹತ್ತಿರ ಇದೆ. ಮಾವನವರ ಫೋಟೋಗಳು ಈಗ ಎರಡು ಪೆನ್‌ಡ್ರೈವ್‌ನಲ್ಲಿವೆ. ಒಂದನ್ನು ಮೈದುನನಿಗೂ ಕಳಿಸಿದೆ.