ಅಡುಗೆ ಚೀಟಿಗಳ ಡಬ್ಬಿಯಲ್ಲಿ ಹನ್ನೊಂದು ಆಟಗಾರರು

ನಾನು ಹುಡುಕಿಕೊಂಡು ಹೋಗಿದ್ದು ಒಂದು ಮುಚ್ಚಳವನ್ನು. ಮೊಸರಿಗೆ ಹೆಪ್ಪು ಹಾಕುವ ನನ್ನ ಹಳೇ ಪೈರೆಕ್ಸ್ ಪಾತ್ರೆಯ ಗಾಜಿನ ಮುಚ್ಚಳ ತೊಳೆಯುವಾಗ ಕೈಜಾರಿ ಒಡೆದುಹೋಗಿತ್ತು. ಪಾತ್ರೆ ಮಾತ್ರ ಕಲ್ಲಿನ ಹಾಗಿತ್ತು. ಎರಡು ತಿಂಗಳು ಮೇಲೊಂದು ತಟ್ಟೆ ಮುಚ್ಚಿ ಕಾಲ ಹಾಕಿದೆ. ಆ ಮಾದರಿ ಈಗ ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಒಂದು ಶನಿವಾರ ಅಮೆರಿಕದ ಒಹಾಯೋ ರಾಜ್ಯದ ಡೇಟನ್‌ನ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಸ್ಪ್ರಿಂಗ್‌ಫೀಲ್ಡ್‌ಗೆ ಹೊರಟೆ.

ಒಹಾಯೋದ ಈ ಭಾಗದಲ್ಲಿ, ಐ-70 ಹೆದ್ದಾರಿಯ ಪಕ್ಕದಲ್ಲಿ, ಹಳೇ ವಸ್ತು ಮಾರುವ, ಗೋದಾಮಿನಷ್ಟು ದೊಡ್ಡ ಆಂಟಿಕ್ ಮಾಲ್‌ಗಳಿವೆ. ಇವು ಒಬ್ಬರ ಅಂಗಡಿಯಲ್ಲ. ಒಳಗೆ ಸಾಲು ಸಾಲು ಬೂತ್‌ಗಳು. ಒಂದೊಂದನ್ನೂ ಒಬ್ಬೊಬ್ಬ ವ್ಯಾಪಾರಿ ಬಾಡಿಗೆಗೆ ಹಿಡಿದಿರುತ್ತಾರೆ. ಸಾಮಾನು ಜೋಡಿಸಿ, ಬೂತ್ ನಂಬರು ಮತ್ತು ಬೆಲೆ ಬರೆದ ಚೀಟಿ ಕಟ್ಟಿ ಮನೆಗೆ ಹೋಗುತ್ತಾರೆ. ದುಡ್ಡು ತೆಗೆದುಕೊಳ್ಳುವುದು ಬಾಗಿಲ ಬಳಿಯ ಒಂದೇ ಕೌಂಟರ್. "ಏನು ಬೇಕಮ್ಮಾ?" ಅಂತ ಯಾರೂ ಬೆನ್ನು ಹತ್ತುವುದಿಲ್ಲ. ಗಂಟೆಗಟ್ಟಲೆ ಸುಮ್ನೆ ಕೆದಕಬಹುದು.

ಮುಚ್ಚಳ ಸಿಗಲಿಲ್ಲ. ಒಂದು ಬೂತ್‌ನ ಕೆಳಗಿನ ಹಲಗೆಯಲ್ಲಿ, ಕೇಕ್ ಅಚ್ಚುಗಳ ಹಿಂದೆ, ಹಸಿರು ಬಣ್ಣದ ತಗಡಿನ ಡಬ್ಬಿ ಕಂಡಿತು. ಇಲ್ಲಿನ ಹಿಂದಿನ ಕಾಲದ ಗೃಹಿಣಿಯರು ಅಡುಗೆ ಮಾಡುವ ವಿಧಾನವನ್ನು ಮೂರಿಂಚು-ಐದಿಂಚಿನ ರಟ್ಟಿನ ಚೀಟಿಗಳಲ್ಲಿ ಬರೆದು ಇಂಥ ಡಬ್ಬಿಯಲ್ಲಿ ನಿಲ್ಲಿಸಿಡುತ್ತಿದ್ದರು. ಎಂಟು ಡಾಲರ್. ಯಾರದೋ ಮನೆಯ ಕೈಬರಹ ಓದುವುದೆಂದರೆ ನನಗೆ ಹುಚ್ಚು. ಒಂದು ಚೀಟಿಯಲ್ಲಿ ನಿಂಬೆ ರುಚಿಯ ಜೆಲ್-ಓ ಎಂಬ ಜೆಲ್ಲಿ ಪುಡಿ ಕರಗಿಸಿ ಅದಕ್ಕೆ ಹೆಚ್ಚಿದ ಎಲೆಕೋಸು ಹಾಕಿ ಗಟ್ಟಿ ಮಾಡುವ ವಿಧಾನವಿತ್ತು. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುವ ಕಾರಣ ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ನಡೆದರೂ ನಾನು ಮಾಡುತ್ತಿರಲಿಲ್ಲ ಬಿಡಿ.

ಸಿಹಿತಿಂಡಿಗಳ ವಿಭಾಗದ ಹಿಂದೆ ಹನ್ನೊಂದು ತೆಳು ರಟ್ಟಿನ ತುಂಡುಗಳಿದ್ದವು. ಪ್ರತಿಯೊಂದರಲ್ಲೂ ಟೋಪಿ ಹಾಕಿದ ಒಬ್ಬ ಆಟಗಾರ, ಪಕ್ಕದಲ್ಲಿ ನಾಲ್ಕು ಸಾಲು ಬರಹ, ಕೆಳಗೆ ಅಂಕಿಗಳು. ಹಿಂದುಗಡೆ ಏನೂ ಇಲ್ಲ, ಬರೀ ಬೂದು ರಟ್ಟು. ಅಂಚುಗಳನ್ನು ಕತ್ತರಿಯಿಂದ ಕತ್ತರಿಸಿದ್ದು ಎದ್ದು ಕಾಣುತ್ತಿತ್ತು. ಒಬ್ಬನ ಮೊಣಕೈಯೇ ಹೋಗಿತ್ತು. ಯಾವುದೋ ಮಗುವಿನ ಶಾಲೆ ಕೆಲಸ ಇರಬೇಕು ಅಂದುಕೊಂಡು, ಡಬ್ಬಿ ಸಮೇತ ಕೊಂಡು ಬಂದೆ.

ಮನೆಯಲ್ಲಿ ಮಗ ನೋಡಿದ. "ಅಮ್ಮಾ, ಇದು ಸೀರಿಯಲ್ ಡಬ್ಬದ ಹಿಂದಿಂದು! ಪೋಸ್ಟ್ ಕಂಪನೀದು!" ಅವನು ಇಲ್ಲೇ ಹುಟ್ಟಿದವನು, ಸಿನ್ಸಿನಾಟಿ ರೆಡ್ಸ್ ತಂಡದ ಭಕ್ತ. ನನಗೋ ಬೇಸ್‌ಬಾಲ್ ಇವತ್ತಿಗೂ ಅರ್ಧಂಬರ್ಧ.

ವಿಷಯ ಹೀಗೆ. 1961ರಿಂದ 1963ರವರೆಗೆ ಪೋಸ್ಟ್ ಕಂಪನಿ ತನ್ನ ಸೀರಿಯಲ್ (ಬೆಳಗಿನ ತಿಂಡಿಗೆ ಹಾಲಿನಲ್ಲಿ ಹಾಕಿಕೊಳ್ಳುವ ಧಾನ್ಯದ ತಿನಿಸು) ಡಬ್ಬಗಳ ಹಿಂಬದಿಯಲ್ಲಿ ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡ್ ಅಚ್ಚು ಹಾಕುತ್ತಿತ್ತು. ಡಬ್ಬ ಖಾಲಿಯಾದ ಮೇಲೆ ಮಕ್ಕಳು ಕತ್ತರಿಸಿ ಇಟ್ಟುಕೊಳ್ಳಬೇಕು. ವರ್ಷಕ್ಕೆ 200 ಆಟಗಾರರ ಸೆಟ್. ಪೋಸ್ಟ್ ಮತ್ತು ಜೆಲ್-ಓ ಎರಡೂ ಆಗ ಜನರಲ್ ಫುಡ್ಸ್ ಎಂಬ ಒಂದೇ ಕಂಪನಿಯ ಕೈಯಲ್ಲಿದ್ದವು. ಹಾಗಾಗಿ 1962, 1963ರಲ್ಲಿ ಜೆಲ್-ಓ ಡಬ್ಬಗಳ ಮೇಲೂ ಇದೇ ರೀತಿಯ ಕಾರ್ಡ್ ಬಂದವು. ನನ್ನ ಹನ್ನೊಂದರಲ್ಲಿ ಎರಡು ಜೆಲ್-ಓದವು, ಅಗಲದಲ್ಲಿ ಒಂದು ಕೂದಲು ಕಡಿಮೆ. ಎಲೆಕೋಸಿನ ಆ ಭಯಂಕರ ಸಲಾಡ್ ಈ ಮನೆಯಲ್ಲಿ ನಿಜವಾಗಿಯೂ ಆಗುತ್ತಿತ್ತು ಅಂತ ಆಗ ಖಾತ್ರಿಯಾಯಿತು.

ಇಸವಿ ಗುರುತಿಸಲು ಮಗ ಒಂದು ಸುಲಭ ದಾರಿ ಹೇಳಿಕೊಟ್ಟ. ಕಾರ್ಡಿನಲ್ಲಿ ಹಿಂದಿನ ವರ್ಷದ ಅಂಕಿ ಇರುತ್ತದೆ. 1961 ಅಂತಿದ್ದರೆ ಅದು 1962ರ ಡಬ್ಬ. ನಮ್ಮ ಡಬ್ಬಿಯ ಫ್ರ್ಯಾಂಕ್ ರಾಬಿನ್ಸನ್ ಕಾರ್ಡ್ ಆ ವರ್ಷದ್ದು. 1961ರಲ್ಲಿ ಅವನು ರೆಡ್ಸ್ ತಂಡಕ್ಕೆ 37 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು, ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ತಂಡ ವರ್ಲ್ಡ್ ಸೀರೀಸ್ ಅನ್ನುವ ಫೈನಲ್ ಮುಟ್ಟಿ ನ್ಯೂಯಾರ್ಕ್ ಯಾಂಕೀಸ್ ಕೈಲಿ ಸೋತಿತು. ಇದೇ ರಾಬಿನ್ಸನ್ 1975ರಲ್ಲಿ ನಮ್ಮ ಒಹಾಯೋದ್ದೇ ಇನ್ನೊಂದು ಊರು ಕ್ಲೀವ್‌ಲ್ಯಾಂಡ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ (ಅಂದರೆ ತಂಡದ ಮುಖ್ಯ ಕೋಚ್) ಆದ. ಆ ಕಾರ್ಡಿನ ಮೂಲೆಯಲ್ಲಿ ಒಂದು ಎಣ್ಣೆ ಕಲೆ ಇದೆ. ಬೆಣ್ಣೆಯೇ ಇರಬೇಕು.

ನನಗೆ ಹುಚ್ಚು ಹಿಡಿದದ್ದು ಆವತ್ತೇ. ಅರಸೀಕೆರೆಯಲ್ಲಿ ನಮ್ಮಣ್ಣ ಬೆಂಕಿಪೊಟ್ಟಣದ ಚಿತ್ರಗಳನ್ನು ಕಿತ್ತು ನೋಟುಪುಸ್ತಕಕ್ಕೆ ಅಂಟಿಸುತ್ತಿದ್ದ. ಆಮೇಲೆ ಬಿಗ್ ಫನ್ ಬಬಲ್ ಗಮ್ ಜೊತೆ ಬರುವ ಕ್ರಿಕೆಟ್ ಚೀಟಿಗಳು. ಹುಡುಗಿಯರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ನನ್ನ ಸರದಿ ಬಂತು ಅಲ್ವಾ?

ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಗಾಜಿನ ಕಪಾಟುಗಳ ಮುಂದೆ ನಿಲ್ಲುತ್ತಿದ್ದೆ. ಕೌಂಟರ್‌ನವರನ್ನು ಕರೆದು ಬೀಗ ತೆಗೆಸಿ ನೋಡುವುದು. ಅಲ್ಲಿ ಇರುವುದನ್ನು ಆಗಲೇ ಯಾರೋ ಬೆಲೆ ಹುಡುಕಿ ಇಟ್ಟಿರುತ್ತಾರೆ, ಅಗ್ಗಕ್ಕೆ ಏನೂ ಉಳಿದಿರುವುದಿಲ್ಲ. ಇನ್ನು "ಹಳೇ ಬೇಸ್‌ಬಾಲ್ ಕಾರ್ಡ್" ಅಂತ ದೊಡ್ಡಕ್ಷರದಲ್ಲಿ ಬರೆದಿಟ್ಟ ಪೆಟ್ಟಿಗೆಗಳು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು 1980ರ ದಶಕದ ಕೊನೆ ಮತ್ತು 90ರ ಶುರುವಿನವು. ಕಾರ್ಡ್ ಕೊಂಡಿಟ್ಟರೆ ಮಕ್ಕಳ ಕಾಲೇಜು ಫೀಸ್ ಆಗುತ್ತದೆ ಅಂತ ಜನ ನಂಬಿದ್ದ ಕಾಲ ಅದು. ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು, ಎಲ್ಲರೂ ಜೋಪಾನ ಮಾಡಿದರು. ಎಲ್ಲರ ಮನೆಯಲ್ಲೂ ಇರುವುದಕ್ಕೆ ಬೆಲೆ ಎಲ್ಲಿಂದ ಬರಬೇಕು? ಮರದ ಹಲಗೆಯಂಥ ಅಂಚಿರುವ, ಟಾಪ್ಸ್ ಎಂಬ ಕಂಪನಿಯ 1987ರ ಕಾರ್ಡ್ ಕಂಡರೆ ನಾನು ಈಗ ಕೈಯನ್ನೂ ಹಾಕುವುದಿಲ್ಲ. ಆದರೆ ಅಂಚು ನೋಡಿ ಮೋಸಹೋಗಬೇಡಿ, 1962ರ ಟಾಪ್ಸ್‌ಗೂ ಮರದ ಅಂಚೇ ಇದೆ. ಒಮ್ಮೆ ನಾನು 87 ಅಂತ ತಳ್ಳಿದ ಕಟ್ಟಿನೊಳಗೆ ಮೂರು 62 ಇದ್ದವು. ಅದನ್ನು ನನ್ನ ಹಿಂದೆ ನಿಂತಿದ್ದವರು ಎರಡು ಡಾಲರಿಗೆ ಎತ್ತಿಕೊಂಡು ಹೋದರು. ಆವತ್ತು ರಾತ್ರಿ ಊಟ ಸೇರಲಿಲ್ಲ.

ಈಗ ನಾನು ಸೀದಾ ಅಡುಗೆ ಸಾಮಾನಿನ ಬೂತ್‌ಗೆ ಹೋಗುತ್ತೇನೆ. ಕಾರ್ಡ್ ವ್ಯಾಪಾರಿಗಳು ಅಲ್ಲಿಗೆ ಬರುವುದು ಕಮ್ಮಿ. ಪಾತ್ರೆ ಮಾರುವವರಿಗೆ ಕಾರ್ಡ್ ಗೊತ್ತಿರುವುದು ಇನ್ನೂ ಕಮ್ಮಿ. ಚೀಟಿ ಡಬ್ಬಿ, ಬಿಸ್ಕತ್ತಿನ ತಗಡು, ಹೊಲಿಗೆ ಪೆಟ್ಟಿಗೆಯ ತಳ, ಅಡುಗೆ ಪುಸ್ತಕದ ಹಾಳೆಗಳ ನಡುವೆ. ಅಮ್ಮಂದಿರು ಮಕ್ಕಳ ವಸ್ತುವನ್ನು ಎಲ್ಲಿ ಎತ್ತಿಡುತ್ತಾರೆ ಅಂತ ನಮಗೆ ಗೊತ್ತಿಲ್ಲವೇ? ನಾನೂ ಮಗನ ಹಾಲುಹಲ್ಲನ್ನು ಇಟ್ಟಿರುವುದು ಕೇಸರಿ ಡಬ್ಬಿಯಲ್ಲೇ.

ತಿಂಡಿಯ ಜೊತೆ ಬಂದ ಕಾರ್ಡ್‌ಗಳೇ ನನ್ನ ಪಾಲಿನವು ಅಂತ ತೀರ್ಮಾನಿಸಿದ್ದೇನೆ. ಕೆಲಾಗ್ಸ್ 1970ರಿಂದ 1983ರವರೆಗೆ, 1973 ಒಂದನ್ನು ಬಿಟ್ಟು, ಸೀರಿಯಲ್ ಜೊತೆ ಮೂರು ಆಯಾಮದ ಕಾರ್ಡ್ ಕೊಡುತ್ತಿತ್ತು. ಮೇಲೆ ಗೀರುಗೀರಾದ ಪ್ಲಾಸ್ಟಿಕ್ ಪದರ, ಅಲುಗಾಡಿಸಿದರೆ ಆಟಗಾರ ಮುಂದಕ್ಕೆ ಬಂದ ಹಾಗೆ ಕಾಣುತ್ತಾನೆ. ಒಣ ಹವೆಗೆ ಇವು ಹಪ್ಪಳದಂತೆ ಸುರುಳಿ ಬೀಳುತ್ತವೆ, ನೇರ ಮಾಡಲು ಹೋದರೆ ಸೀಳುತ್ತವೆ. ನಾನು ಒಂದನ್ನು ಪುಸ್ತಕದಡಿ ಇಟ್ಟು ಸೀಳಿಸಿಕೊಂಡಿದ್ದೇನೆ. ಸುರುಳಿಯಾಗಿದ್ದರೆ ಹಾಗೇ ಇರಲಿ. ಹೋಸ್ಟೆಸ್ ಕೇಕ್ ಡಬ್ಬಗಳ ತಳದಲ್ಲಿ 1975ರಿಂದ 79ರವರೆಗೆ ಮೂರು ಮೂರು ಕಾರ್ಡ್ ಒಟ್ಟಿಗೆ ಬರುತ್ತಿದ್ದವು. ಮೂರೂ ಬೇರೆಯಾಗದೆ ಸಿಕ್ಕರೆ ಬೆಲೆ ಜಾಸ್ತಿ. ಜಿಡ್ಡು ಹತ್ತಿರುತ್ತದೆ, ಅದು ಸಹಜ.

ಮೋಸ ಹೋಗಿದ್ದೂ ಹೇಳಬೇಕು. ಒಂದು ಅಂಗಡಿಯಲ್ಲಿ, ಹೆಸರು ಬೇಡ, ಗೋಡೆಗೆ ಹಳೇ ಕಾಲದ ಪ್ರಸಿದ್ಧ ಬೇಸ್‌ಬಾಲ್ ಆಟಗಾರ ಟೈ ಕಾಬ್‌ನ ಫ್ರೇಮ್ ಹಾಕಿದ ಕಾರ್ಡ್ ನೇತುಹಾಕಿದ್ದರು. 1909ರಿಂದ 1911ರವರೆಗೆ ಸಿಗರೇಟು ಪ್ಯಾಕಿನೊಳಗೆ ಬಂದ ಟಿ206 ಎಂಬ ಸೆಟ್ಟಿನದು. 75 ಡಾಲರ್. ಇದೇ ಸೆಟ್ಟಿನ ಹೋನಸ್ ವ್ಯಾಗ್ನರ್ ಕಾರ್ಡ್ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಗಿದ್ದನ್ನು ಆಗಷ್ಟೇ ಓದಿದ್ದೆ. ತಲೆ ತಿರುಗಿತ್ತು. ಯಾರನ್ನೂ ಕೇಳದೆ ಕೊಂಡುಬಿಟ್ಟೆ. ಮಗ ಬಿದ್ದು ಬಿದ್ದು ನಕ್ಕ. "ಅಮ್ಮಾ, ನಿಜವಾದ ಕಾಬ್ ನಿಂಗೆ ಎಪ್ಪತ್ತೈದಕ್ಕೆ ಸಿಗ್ತಾನಾ?"

ಫ್ರೇಮ್ ಬಿಚ್ಚಿ ಭೂತಗನ್ನಡಿ ಹಿಡಿದೆವು. ಅಸಲಿ ಟಿ206ನಲ್ಲಿ ಕೆಳಗಿನ ಹೆಸರು ಕಂದು ಶಾಯಿಯಲ್ಲಿ ತುಂಬಿಕೊಂಡಿರುತ್ತದೆ, ಅಕ್ಷರದೊಳಗೆ ಚುಕ್ಕಿಗಳಿರುವುದಿಲ್ಲ. ನನ್ನದರಲ್ಲಿ ಅಕ್ಷರವೇ ಬಣ್ಣಬಣ್ಣದ ಚುಕ್ಕಿಗಳ ರಾಶಿ. ಅಂದರೆ ಕಾರ್ಡಿನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದು. ಕತ್ತಲಲ್ಲಿ ನೇರಳಾತೀತ (ಯುವಿ) ಬೆಳಕಿನ ಪುಟ್ಟ ಟಾರ್ಚ್ ಹಾಕಿದರೆ ರಟ್ಟು ಬೆಳ್ಳಗೆ ಹೊಳೆಯಿತು. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವ ರೂಢಿ ಬಂದದ್ದು 1940ರ ದಶಕದ ಕೊನೆಯ ನಂತರ. ನೂರು ವರ್ಷ ಹಿಂದಿನ ರಟ್ಟು ಹಾಗೆ ಹೊಳೆಯಬಾರದು. ಫ್ರೇಮ್ ಹಾಕಿದ್ದೇ ಅಂಚು ಮತ್ತು ಹಿಂಬದಿ ಕಾಣದಿರಲಿ ಅಂತ ಇರಬಹುದು, ಅಥವಾ ಮಾರಿದವರಿಗೂ ಗೊತ್ತಿರಲಿಲ್ಲವೋ ಏನೋ. ಬೂತ್‌ನವರು ಸಿಗುವುದಿಲ್ಲ, ಮಾರಿದ ಸಾಮಾನು ವಾಪಸ್ ಇಲ್ಲ ಅಂತ ಕೌಂಟರ್ ಮೇಲೆ ಬರೆದಿರುತ್ತದೆ. ಅಂದಿನಿಂದ ನನ್ನ ಕೈಚೀಲದಲ್ಲಿ ಭೂತಗನ್ನಡಿ, ಟಾರ್ಚ್, ಒಂದು ಪುಟ್ಟ ಸ್ಕೇಲು ಇರುತ್ತವೆ. ಬಿಚ್ಚಿ ತೋರಿಸದಿದ್ದರೆ ಕೊಳ್ಳುವುದಿಲ್ಲ. ಟೈ ಕಾಬ್ ಈಗ ನಮ್ಮ ಫ್ರಿಜ್ ಮೇಲೆ ಹಾಲಿನವರ ಲೆಕ್ಕದ ಚೀಟಿ ಹಿಡಿದುಕೊಂಡಿದ್ದಾನೆ.

ಸ್ಕೇಲು ಯಾಕೆ ಅಂದರೆ, ಅಳತೆಯೇ ಅರ್ಧ ಕಥೆ ಹೇಳುತ್ತದೆ. ಟಾಪ್ಸ್ ಕಾರ್ಡ್ ಈಗಿನ ಎರಡೂವರೆ-ಮೂರೂವರೆ ಇಂಚಿಗೆ ಬಂದದ್ದು 1957ರಲ್ಲಿ. 1952ರಿಂದ 56ರವರೆಗಿನವು ಅದಕ್ಕಿಂತ ದೊಡ್ಡವು. ಕಾರ್ಡಿನ ಕಟ್ಟಿನಲ್ಲಿ ಒಂದೆರಡು ಮಾತ್ರ ತಲೆ ಎತ್ತಿ ನಿಂತಿದ್ದರೆ ಮೊದಲು ಅವನ್ನು ಎಳೆದು ನೋಡುತ್ತೇನೆ. ಹೆಸರು ಆಮೇಲೆ.

ಬೆಲೆ ಇಳಿಸಲು ಕೇಳಬಹುದಾ? ಕೇಳಬಹುದು, ಆದರೆ ಕೆ.ಆರ್. ಮಾರ್ಕೆಟ್ ಚೌಕಾಸಿ ಇಲ್ಲಿ ನಡೆಯುವುದಿಲ್ಲ. ನಾನು ಹೋಗುವ ಕಡೆ ನೂರಕ್ಕೆ ಹತ್ತರಷ್ಟು ಬಿಡುತ್ತಾರೆ. ಅದಕ್ಕೂ ಜಾಸ್ತಿ ಬೇಕಾದರೆ ಕೌಂಟರಿನವರು ಬೂತ್ ಮಾಲೀಕರಿಗೆ ಫೋನ್ ಮಾಡುತ್ತಾರೆ. ಮೂರು ಡಾಲರಿನ ವಸ್ತುವಿಗೆ ಫೋನ್ ಮಾಡಿಸಬೇಡಿ. ನಾನು ಮಾಡಿಸಿದ್ದೇನೆ, ಆ ಕಡೆಯ ಮೌನ ನನಗೂ ಕೇಳಿಸಿತು.

ಗ್ರೇಡಿಂಗ್ ಬಗ್ಗೆ ಮಗನಿಗೂ ನನಗೂ ಜಗಳ. ಕಾರ್ಡನ್ನು ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅವರು ಅದರ ಸ್ಥಿತಿ ನೋಡಿ ಒಂದರಿಂದ ಹತ್ತರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕಳಿಸುತ್ತಾರೆ. ದುಬಾರಿ ಕಾರ್ಡಿಗೆ ಅದು ಸರಿ. ಮೊಣಕೈ ಕತ್ತರಿಸಿಹೋದ ಆಟಗಾರನಿಗೆ ಅಂಕ ಯಾತಕ್ಕೆ? ನಾನು ಪ್ಲಾಸ್ಟಿಕ್ ಸ್ಲೀವ್ ಹಾಕಿ ಅದೇ ಹಸಿರು ಡಬ್ಬಿಯಲ್ಲಿ ನಿಲ್ಲಿಸಿದ್ದೇನೆ, ಸಿಹಿತಿಂಡಿ ವಿಭಾಗದ ಹಿಂದೆಯೇ. ಬೇಸ್‌ಮೆಂಟಿನಲ್ಲಿ ಮಾತ್ರ ಇಡುವುದಿಲ್ಲ, ಇಲ್ಲಿನ ನೆಲಮಾಳಿಗೆಯ ತೇವಕ್ಕೆ ರಟ್ಟು ಊದಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ.

ಕಳೆದ ತಿಂಗಳು ವೇನ್ಸ್‌ವಿಲ್‌ಗೆ ಹೋಗಿದ್ದೆ. ಅಲ್ಲಿನ ಮುಖ್ಯ ಬೀದಿಯಲ್ಲಿ ಆಂಟಿಕ್ ಅಂಗಡಿಗಳು ಸಾಲಾಗಿವೆ. ಒಂದರ ಹಿಂದಿನ ಕೋಣೆಯಲ್ಲಿ ಪೋಸ್ಟ್ ಸೀರಿಯಲ್ ಡಬ್ಬದ ಇಡೀ ಹಿಂಬದಿ ಸಿಕ್ಕಿತು. ಕತ್ತರಿ ತಾಗಿಯೇ ಇಲ್ಲ, ಏಳು ಜನ ಹಾಗೇ ಕೂತಿದ್ದಾರೆ. 90 ಡಾಲರ್. ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನಿಂತೆ. ಟೈ ಕಾಬ್ ನೆನಪಾದ. ವಾಪಸ್ ಇಟ್ಟು ಬಂದೆ. ವಾರವಿಡೀ ಅದೇ ಚಿಂತೆ. ಮುಂದಿನ ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆ. ಇರಲಿಲ್ಲ. ಅದನ್ನು ಒರಗಿಸಿಟ್ಟಿದ್ದ ಜಾಗದಲ್ಲಿ ಒಂದಿಷ್ಟು ಬಿಡಿ ಗಾಜಿನ ಸಾಮಾನು ಸುರಿದಿದ್ದರು. ಚೀಲದಿಂದ ಸ್ಕೇಲು ತೆಗೆದು ಅಳೆದೆ. ನನ್ನ ಮೊಸರಿನ ಪಾತ್ರೆಯ ಮುಚ್ಚಳ, ನಾಲ್ಕು ಡಾಲರ್.