ಎಸಿಸಿ ವಾರ: ಟ್ರೈಆಂಗಲ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ನಾರ್ತ್ ಕ್ಯಾರೊಲೈನಾದ ಟ್ರೈಆಂಗಲ್‌ನಲ್ಲಿ, ಅಂದರೆ ರಾಲಿ, ಡರಮ್, ಕ್ಯಾರಿ, ಮಾರಿಸ್‌ವಿಲ್ ಕಡೆ ಮನೆ ಮಾಡಿದ್ದೀರಾ? ಹಾಗಾದರೆ ಮಾರ್ಚ್ ಎರಡನೇ ವಾರದಲ್ಲಿ ಸಂಜೆ ಹೊತ್ತು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಅನ್ನುವ ಕಾಲೇಜು ಲೀಗ್‌ನ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ನಡೆಯುವುದು ಆಗಲೇ.

"ಅವರ ಆಟ, ನಮಗ್ಯಾಕೆ?" ಅಂತ ನಮ್ಮವರು ಎಷ್ಟೋ ಜನ ದೂರ ಉಳಿಯುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಊರಲ್ಲಿ ಮ್ಯಾಚ್ ಇದ್ದ ದಿನ ಬಸ್ ಕಂಡಕ್ಟರನ್ನೂ "ಸ್ಕೋರ್ ಎಷ್ಟಾಯ್ತು?" ಅಂತ ಕೇಳುತ್ತಿದ್ದೆವು, ಅಲ್ವಾ? ಪರಿಚಯ ಇರಬೇಕಾಗಿರಲಿಲ್ಲ. ಇಲ್ಲಿಗೆ ಬಂದು ಸಂಬಳ, ಮನೆ, ಕಾರು ಎಲ್ಲ ಆಯಿತು. ಗುರುತಿಲ್ಲದವರ ಹತ್ತಿರ ಹಾಗೆ ಸಲೀಸಾಗಿ ಮಾತಾಡುವುದು ಮಾತ್ರ ತಪ್ಪಿಹೋಯಿತು. ಈ ಐದು ದಿನ ಅದು ವಾಪಸ್ ಸಿಗುತ್ತದೆ. ಅಂಗಡಿಯಲ್ಲಿ ಬಿಲ್ ಮಾಡುವವರನ್ನು ಸ್ಕೋರ್ ಕೇಳಿ ನೋಡಿ. ವರ್ಷವಿಡೀ ಮುಗುಳ್ನಕ್ಕು ಸುಮ್ಮನಾಗುತ್ತಿದ್ದವರು ಎರಡು ನಿಮಿಷ ನಿಂತು ಹೇಳುತ್ತಾರೆ.

ಈ ಆಟ ಇಲ್ಲಿನವರ ಮೈಗೆ ಹತ್ತಿದ್ದು ಹೇಗೆ ಅಂತ ಗೊತ್ತಿರಲಿ. ಎಸಿಸಿ ಶುರುವಾದದ್ದು 1953ರಲ್ಲಿ. ಮೊದಲ ಟೂರ್ನಮೆಂಟ್ 1954ರಲ್ಲಿ, ನಮ್ಮ ರಾಲಿಯ ರೆನಾಲ್ಡ್ಸ್ ಕೊಲೀಸಿಯಂನಲ್ಲೇ ನಡೆಯಿತು. ಯುಎನ್‌ಸಿ (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ), ಡ್ಯೂಕ್, ಎನ್‌ಸಿ ಸ್ಟೇಟ್ (ಇಲ್ಲಿ ಬರೀ 'ಸ್ಟೇಟ್' ಅಂತಾರೆ), ವೇಕ್ ಫಾರೆಸ್ಟ್ ನಾಲ್ಕೂ ಇದೇ ರಾಜ್ಯದ ತಂಡಗಳು. ಆಗ ಒಂದು ಕಠಿಣ ನಿಯಮವಿತ್ತು. ಈ ಟೂರ್ನಮೆಂಟ್ ಗೆದ್ದ ಒಂದೇ ತಂಡ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಮೆಂಟ್‌ಗೆ ಹೋಗುತ್ತಿತ್ತು. 1974ರ ಫೈನಲ್‌ನಲ್ಲಿ ಮೇರಿಲ್ಯಾಂಡ್ ಓವರ್‌ಟೈಮ್‌ವರೆಗೂ ಹೋರಾಡಿ ಸ್ಟೇಟ್ ಎದುರು 103-100ರಲ್ಲಿ ಸೋತಿತು. ಅಷ್ಟು ಒಳ್ಳೆಯ ತಂಡ ಮನೆಗೆ ಹೋಗಬೇಕಾಯಿತು. ಗೆದ್ದ ಸ್ಟೇಟ್ ಆ ವರ್ಷ ದೇಶಕ್ಕೇ ಚಾಂಪಿಯನ್ ಆಯಿತು. ಮರುವರ್ಷದಿಂದ ಎನ್‌ಸಿಎಎ ಬಾಗಿಲು ಅಗಲವಾಯಿತು. 2011ರಿಂದ ದೇಶದ ಎಲ್ಲ ಕಡೆಯಿಂದ ಸೇರಿ 68 ತಂಡಗಳು ಹೋಗತೊಡಗಿದವು.

ಇಲ್ಲೇ ಹುಟ್ಟಿ ಬೆಳೆದ ಐವತ್ತು ದಾಟಿದವರನ್ನು ಕೇಳಿ. ಎಸಿಸಿ ಟೂರ್ನಮೆಂಟ್‌ನ ಶುಕ್ರವಾರ ಟೀಚರ್ ಗಾಲಿ ಸ್ಟ್ಯಾಂಡ್ ಮೇಲೆ ಟಿವಿ ತಳ್ಳಿಕೊಂಡು ಕ್ಲಾಸಿಗೆ ತರುತ್ತಿದ್ದ ಕಥೆ ಹೇಳುತ್ತಾರೆ. ಅವರೂ ಒಂದಷ್ಟು ಕಳೆದುಕೊಂಡಿದ್ದಾರೆ. ಮೇರಿಲ್ಯಾಂಡ್ 2014ರಲ್ಲಿ ಬಿಟ್ಟುಹೋಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಕೂಡ ಈ 'ಅಟ್ಲಾಂಟಿಕ್ ಕೋಸ್ಟ್' ಲೀಗ್‌ಗೆ ಸೇರಿತು. ಟಿವಿ ದುಡ್ಡಿನ ಲೆಕ್ಕಾಚಾರ ಅದು. ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನೆರೆಹೊರೆಯ ಲೀಗ್ ಈಗ ವಿಮಾನ ಹತ್ತಬೇಕು. ಆ ಹಿರಿಯರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಳೆದ ಊರು ಕಣ್ಣೆದುರೇ ಬದಲಾಗುವುದನ್ನು ನಾವೂ ಪ್ರತಿ ಸಲ ರಜಕ್ಕೆ ಹೋದಾಗ ನೋಡುತ್ತೇವಲ್ಲ.

ಆಟದ ಕ್ರಮ ಸುಲಭ. ಮಂಗಳವಾರದಿಂದ ಶನಿವಾರ. ಸೋತರೆ ಔಟ್, ಎರಡನೇ ಅವಕಾಶ ಇಲ್ಲ. ಲೀಗ್‌ನಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರು ಗುರುವಾರ ನೇರ ಕಣಕ್ಕಿಳಿಯುತ್ತಾರೆ. ನಡುವಿನವರು ಬುಧವಾರದಿಂದ, ತೀರಾ ಕೆಳಗಿನವರು ಮಂಗಳವಾರದಿಂದಲೇ ಆಡಬೇಕು. ಇಪ್ಪತ್ತು ನಿಮಿಷದ ಎರಡು ಅವಧಿ, ಐದು ಫೌಲ್ ಆದರೆ ಆಟಗಾರ ಹೊರಗೆ.

ಇನ್ನು 2024. ಎನ್‌ಸಿ ಸ್ಟೇಟ್ ಲೀಗ್‌ನ ಕೊನೆಯ ನಾಲ್ಕೂ ಆಟ ಸೋತು ಹತ್ತನೇ ಸ್ಥಾನದಲ್ಲಿ ವಾಷಿಂಗ್ಟನ್‌ಗೆ ಹೋಯಿತು. ಲೂಯಿವಿಲ್ಲನ್ನು ಸೋಲಿಸಿತು, ಸಿರಕ್ಯೂಸನ್ನು ಸೋಲಿಸಿತು, ಡ್ಯೂಕನ್ನೂ ಸೋಲಿಸಿತು. ಶುಕ್ರವಾರ ವರ್ಜೀನಿಯಾ ಎದುರು ಮೂರು ಪಾಯಿಂಟ್ ಹಿಂದೆ, ಉಳಿದಿದ್ದು ಐದಾರು ಸೆಕೆಂಡ್. ವರ್ಜೀನಿಯಾ ಹುಡುಗ ಫ್ರೀ ಥ್ರೋ ಗೆರೆಯಲ್ಲಿ ನಿಂತಿದ್ದ. ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು ಸಿಗುವ 'ಒನ್ ಅಂಡ್ ಒನ್' ಅದು. ಚೆಂಡು ಬೀಳಲಿಲ್ಲ. ಸ್ಟೇಟ್‌ನ ಮೈಕಲ್ ಓಕಾನೆಲ್ ಓಡಿ ಬಂದು ದೂರದಿಂದ ಎಸೆದರು. ಚೆಂಡು ಹಲಗೆಗೆ ಬಡಿಯಿತು, ರಿಂಗ್ ಮೇಲೆ ಕುಣಿಯಿತು, ಒಳಗೆ ಬಿತ್ತು. ಓವರ್‌ಟೈಮ್‌ನಲ್ಲಿ ಗೆದ್ದರು. ಮರುದಿನ ಫೈನಲ್‌ನಲ್ಲಿ ಯುಎನ್‌ಸಿಯನ್ನು 84-76ರಿಂದ ಸೋಲಿಸಿದರು. ಐದು ದಿನ, ಐದು ಗೆಲುವು. 1987ರ ನಂತರ ಬಂದ ಕಪ್. ಆರ್‌ಸಿಬಿಗೆ 18 ವರ್ಷ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ತಂಡ ಅಲ್ಲಿಂದ ಎನ್‌ಸಿಎಎ ಟೂರ್ನಮೆಂಟ್‌ನ ಫೈನಲ್ ಫೋರ್‌ವರೆಗೂ, ಅಂದರೆ ಸೆಮಿಫೈನಲ್‌ವರೆಗೂ ಹೋಯಿತು. ಈ ಕಪ್ ಗೆಲ್ಲದಿದ್ದರೆ ಎನ್‌ಸಿಎಎಗೆ ಕರೆಯೇ ಬರುತ್ತಿರಲಿಲ್ಲ. ಮಾರ್ಚ್ ಮ್ಯಾಡ್‌ನೆಸ್ (ಎನ್‌ಸಿಎಎ ಟೂರ್ನಮೆಂಟ್‌ನ ಅಡ್ಡಹೆಸರು) ಶುರುವಾದ ಮೇಲೆ ನೋಡೋಣ ಅನ್ನುವವರು ಕಳೆದುಕೊಳ್ಳುವುದು ಇದನ್ನೇ.

ಒಂದು ತಂಡ ಹಿಡಿದುಕೊಳ್ಳಿ, ಬಿಡಬೇಡಿ. ಕೆಂಪು ಸ್ಟೇಟ್, ತಿಳಿನೀಲಿ ಯುಎನ್‌ಸಿ, ಕಡುನೀಲಿ ಡ್ಯೂಕ್. ಎರಡು ನೀಲಿಗಳನ್ನು ದಯವಿಟ್ಟು ಬೆರೆಸಬೇಡಿ, ಅದು ಇಲ್ಲಿ ದೊಡ್ಡ ವಿಷಯ. ಗೆಲ್ಲುವವರ ಕಡೆ ವರ್ಷಕ್ಕೊಮ್ಮೆ ವಾಲುವವರಿಗೆ ಇಲ್ಲಿ ಮರ್ಯಾದೆ ಇಲ್ಲ. ನಿಮ್ಮ ತಮ್ಮನೋ ನಾದಿನಿಯೋ ಯುಎನ್‌ಸಿ ಷಾರ್ಲಟ್‌ನಲ್ಲಿ ಎಂಎಸ್ ಮಾಡಿದ್ದರೆ ಗಮನಿಸಿ, ಆ ಕಾಲೇಜು ಎಸಿಸಿಯಲ್ಲಿಲ್ಲ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ತಂಡ ಆಗಲೇ ತೀರ್ಮಾನವಾಗಿರುತ್ತದೆ. ಅವರ ಜೊತೆ ಕೂತು ನೋಡಿ. ನಾವು ಅವರಿಗೆ ಕನ್ನಡ ಕಲಿಸುತ್ತೇವೆ, ಭಾನುವಾರ ಕ್ಲಾಸಿಗೆ ಕಳಿಸುತ್ತೇವೆ, ಊರಿನ ಕಥೆ ಕೇಳಲಿ ಅಂತ ಆಸೆಪಡುತ್ತೇವೆ. ಅವರಿಗೆ ಊರು ಅಂದರೆ ಇದೇ. ಅವರ ಊರಿನ ಕಥೆಯನ್ನು ನಾವೂ ಕೇಳಬೇಕಲ್ಲ? ಸೋಲುವ ತಂಡದ ಕೊನೆಯ ನಿಮಿಷಗಳನ್ನು ಟಿವಿ ಆರಿಸದೆ ನೋಡಿ. ಕೋಚ್ ಕೊನೆಯ ವರ್ಷದ ಹುಡುಗನನ್ನು ಹೊರಗೆ ಕರೆದು ಅಪ್ಪಿಕೊಳ್ಳುತ್ತಾರೆ. ಅವನು ಬೆಂಚಿಗೆ ಹೋಗಿ ಟವೆಲ್ ಮುಖಕ್ಕೆ ಹಾಕಿಕೊಳ್ಳುತ್ತಾನೆ. ಅಲ್ಲಿಗೆ ಎಷ್ಟೋ ಜನರ ಆಟ ಮುಗಿಯುತ್ತದೆ. ಮಕ್ಕಳು ಏನಾದರೂ ಕೇಳುತ್ತಾರೆ. ಆಗ ನೀವು ಪಕ್ಕದಲ್ಲಿರಬೇಕು.

ಟಿಕೆಟ್ ಫೋನಿನಲ್ಲೇ ಇರುತ್ತದೆ, ಬ್ಯಾಗಿನ ನಿಯಮ ಮೊದಲೇ ಓದಿಕೊಳ್ಳಿ, ಚಿತ್ರಾನ್ನದ ಡಬ್ಬಿ ಒಳಗೆ ಬಿಡುವುದಿಲ್ಲ. ಮನೆಯಿಂದ ನೋಡುವವರು ಇಎಸ್‌ಪಿಎನ್, ಎಸಿಸಿ ನೆಟ್‌ವರ್ಕ್ ಎರಡೂ ಇರುವ ಪ್ಲಾನ್ ತಗೊಳ್ಳಿ.

ದುಡ್ಡು ಜಾಸ್ತಿ ಅನಿಸಿದರೆ ಫೈನಲ್ ಆಸೆ ಬಿಡಿ, ಮಂಗಳವಾರ ಅಥವಾ ಬುಧವಾರದ ಟಿಕೆಟ್ ಹುಡುಕಿ. ತಮ್ಮ ತಂಡ ಸೋತವರು ಉಳಿದ ದಿನಗಳ ಟಿಕೆಟ್ ಮಾರಿ ಮನೆಗೆ ಹೊರಡುತ್ತಾರೆ, ಅದನ್ನೂ ಗಮನಿಸುತ್ತಿರಿ. ಪುಟ್ಟ ಮಕ್ಕಳಿದ್ದರೆ ಒಂದು ವಾರ ಮೊದಲೇ ನಡೆಯುವ ಮಹಿಳೆಯರ ಟೂರ್ನಮೆಂಟ್‌ಗೆ ಕರೆದುಕೊಂಡು ಹೋಗಿ. ಟಿಕೆಟ್ ಅಗ್ಗ, ಆಟ ಅಷ್ಟೇ ಬಿರುಸು.