ಅಮ್ಮನ ಕೋಣೆಯ ಇಪ್ಪತ್ತು ಡಿಗ್ರಿ

ಮೈಸೂರಿನಲ್ಲಿ ಹೀಟರ್ ಬೇಕು ಎಂದು ಅಂಗಡಿಗೆ ಹೋದರೆ ಮೊದಲು ಕೇಳುವುದು 'ನೀರಿಗೋ?' ಎಂದು. ಕೋಣೆಗೆ ಎಂದರೆ ಒಮ್ಮೆ ಮುಖ ನೋಡುತ್ತಾರೆ. ಊಟಿಯಲ್ಲೇನಾದರೂ ಮನೆ ಮಾಡಿದ್ದೀರಾ ಎಂದು ನನ್ನನ್ನು ಒಬ್ಬರು ಕೇಳಿಯೇ ಬಿಟ್ಟರು. ಈ ಊರಿನಲ್ಲಿ ಮನೆ ಕಟ್ಟುವವರು ಬಿಸಿಲನ್ನು ಹೇಗೆ ಹೊರಗಿಡುವುದೆಂದು ಯೋಚಿಸುತ್ತಾರೆ, ಚಳಿಯ ಚಿಂತೆ ಯಾರಿಗೂ ಇಲ್ಲ. ನಮಗೂ ಇರಲಿಲ್ಲ. 2022ರ ಡಿಸೆಂಬರಿನ ಒಂದು ಬೆಳಿಗ್ಗೆ ಅಮ್ಮನ ಕೈಯಿಂದ ಕಾಫಿ ಲೋಟ ಜಾರಿ ಬೀಳುವವರೆಗೆ.

ಅಮ್ಮನಿಗೆ ಆಗ ಎಂಬತ್ತೊಂದು. ಬೆರಳು ಮರಗಟ್ಟಿ ಲೋಟ ಹಿಡಿಯಲು ಆಗಿರಲಿಲ್ಲ. ಪಾದ ಮುಟ್ಟಿದರೆ ರುಬ್ಬುವ ಕಲ್ಲು ಮುಟ್ಟಿದಂತಿತ್ತು. 'ಚಳಿಯಾಗುತ್ತಿದೆಯೇನಮ್ಮಾ?' ಎಂದರೆ 'ಇಲ್ಲವಲ್ಲ' ಎಂದಳು. ಇದೇ ನನಗೆ ಭಯ ಹುಟ್ಟಿಸಿದ್ದು. ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದ ಮೇಲೆ ಚರ್ಮದ ಕೆಳಗಿನ ಕೊಬ್ಬು ಕರಗುತ್ತದೆ, ರಕ್ತಸಂಚಾರ ನಿಧಾನವಾಗುತ್ತದೆ, ನಡುಕ ಹುಟ್ಟುವುದೂ ತಡವಾಗುತ್ತದೆ, ಆದ್ದರಿಂದ ಮೈ ತಣ್ಣಗಾದದ್ದು ಅವರಿಗೇ ಗೊತ್ತಾಗುವುದಿಲ್ಲ ಎಂದು ಅವರು ವಿವರಿಸಿದರು. ಥೈರಾಯ್ಡ್ ಮತ್ತು ರಕ್ತದ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಸರಿಯಾಗಿತ್ತು, ಹಿಮೋಗ್ಲೋಬಿನ್ ಕಡಿಮೆ ಇತ್ತು. ಹೀಟರ್ ಕೊಳ್ಳುವ ಮುಂಚೆ ಈ ಎರಡು ಪರೀಕ್ಷೆ ಮಾಡಿಸಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ರಕ್ತ ಕಡಿಮೆ ಇದ್ದವರಿಗೆ ಎಷ್ಟು ಹೊದಿಸಿದರೂ ಬೆಚ್ಚಗಾಗುವುದಿಲ್ಲ.

ವಿಚಿತ್ರವೆಂದರೆ, ಮೈಸೂರು ಅದಕ್ಕಿಂತ ದೊಡ್ಡ ಚಳಿ ಕಂಡಿದೆ. 2012ರ ಜನವರಿ 16ರಂದು ಇಲ್ಲಿ 7.7 ಡಿಗ್ರಿಗೆ ಇಳಿದಿತ್ತು. ಆ ಸಂಕ್ರಾಂತಿ ಕಾಲದಲ್ಲಿ ಅಮ್ಮ ದಿನವೂ ಐದು ಗಂಟೆಗೆ ಎದ್ದು ಬಾಗಿಲಿಗೆ ತಣ್ಣೀರು ಹಾಕಿ ರಂಗೋಲಿ ಬಿಡುತ್ತಿದ್ದಳು. ನಾನೇ ರಗ್ಗಿನೊಳಗೆ ಮುದುಡಿಕೊಂಡಿದ್ದೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಅವಸರದಲ್ಲಿ 2000 ವ್ಯಾಟಿನ ಬ್ಲೋವರ್ ತಂದೆ. ಅಮ್ಮ ಅದನ್ನು ನೋಡಿ 'ಇದೇನೋ, ಹಾಸಿಗೆಯ ಪಕ್ಕ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೀಯ?' ಎಂದಳು. ರಾತ್ರಿ ಒಂಬತ್ತಕ್ಕೆ ಹಾಕಿ, ಅವಳು ಮಲಗಿದ ಮೇಲೆ ಹನ್ನೊಂದೂವರೆಗೆ ಆರಿಸುತ್ತಿದ್ದೆ. ಗಾಳಿ ಒಣಗಿ ಅವಳಿಗೆ ಕೆಮ್ಮು ಬಂತು. ನಾಲ್ಕನೆಯ ದಿನ ಸುಟ್ಟ ವಾಸನೆ. ಟಿವಿಗೆಂದು ಇಟ್ಟಿದ್ದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ್ದೆ, ಅದರ ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಅಂಟಿಕೊಂಡಿತ್ತು. ಲೆಕ್ಕ ಸರಳ: 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಸಾಮಾನ್ಯ ಸಾಕೆಟ್ ತಾಳುವುದು 6. ಎಲೆಕ್ಟ್ರಿಷಿಯನ್ ಬಂದು ತಲೆ ಚಚ್ಚಿಕೊಂಡ. ಅಮ್ಮನ ಕೋಣೆಗೆ ಮೀಟರ್ ಬೋರ್ಡಿನಿಂದಲೇ ಬೇರೆ ದಪ್ಪ ವೈರ್ ಎಳೆದು, ಅರ್ತ್ ಕೊಟ್ಟು, ಗೀಸರಿಗೆ ಹಾಕುವಂಥ ಪವರ್ ಪ್ಲಗ್ ಕೂರಿಸಿದ. ಹೀಟರಿನ ಬೆಲೆಗಿಂತ ಇದರ ಖರ್ಚೇ ಹೆಚ್ಚಾಯಿತು. ಹಳೆಯ ಮನೆಯವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಅಮ್ಮನಿಗೆ ಬೇಕಿದ್ದದ್ದು ಅಗ್ಗಿಷ್ಟಿಕೆ. ಅವಳ ತವರು ಪಾಂಡವಪುರದ ಕಡೆಯ ಹಳ್ಳಿ. ಮಾಗಿಯಲ್ಲಿ ಬಾಣಂತಿ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರಂತೆ, ಆಲೆಮನೆ ನಡೆಯುವಾಗ ಗಂಡಸರು ರಾತ್ರಿಯೆಲ್ಲ ಕೊಪ್ಪರಿಗೆಯ ಒಲೆಯ ಮುಂದೆಯೇ ಇರುತ್ತಿದ್ದರಂತೆ. 'ನಮಗೆ ಏನಾಯಿತು ಹೇಳು?' ಎಂದು ವಾದ. ನಾನು ಒಪ್ಪಲಿಲ್ಲ. ಆ ಮನೆಗಳ ನಾಡಹೆಂಚಿನ ಸಂದಿಯಲ್ಲಿ ಹೊಗೆಯೂ ಅನಿಲವೂ ಮೇಲಕ್ಕೆ ಹೋಗುತ್ತಿದ್ದವು. ಕಿಟಕಿ ಮುಚ್ಚಿದ ತಾರಸಿ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಅಲ್ಲಿಯೇ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಈ ವಿಷಯದಲ್ಲಿ ಮಾತ್ರ ನಾನು ಅಮ್ಮನ ಮಾತು ಕೇಳಲಿಲ್ಲ.

ಎರಡನೆಯ ವರ್ಷ, 2023ರಲ್ಲಿ, ಹೀಟರಿನ ಯೋಚನೆ ಬಿಟ್ಟು ಮೊದಲು ಒಂದು ಥರ್ಮಾಮೀಟರ್ ತಂದೆ. ದಿನದ ಅತಿ ಕಡಿಮೆ ಮತ್ತು ಅತಿ ಹೆಚ್ಚು ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಮಾದರಿ. ಅದನ್ನು ಎಲ್ಲಿ ಇಡುವುದೆಂದು ತಿಳಿಯಲು ಒಂದು ವಾರ ಹಿಡಿಯಿತು. ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದರೆ ಹೊರಗಿನ ಚಳಿ ತೋರಿಸುತ್ತದೆ. ಕಪಾಟಿನ ಮೇಲಿಟ್ಟರೆ ಎರಡು ಡಿಗ್ರಿ ಹೆಚ್ಚು, ಏಕೆಂದರೆ ಬೆಚ್ಚನೆಯ ಗಾಳಿ ಮೇಲೇರುತ್ತದೆ. ಕೊನೆಗೆ ಅಮ್ಮನ ದಿಂಬಿನ ಎತ್ತರದಲ್ಲಿ, ಒಳಗೋಡೆಯ ಬದಿಯ ಸ್ಟೂಲಿನ ಮೇಲೆ ಇಟ್ಟೆ. ಅಮ್ಮ ಉಸಿರಾಡುವ ಗಾಳಿಯದಲ್ಲದೆ ಬೇರೆ ಲೆಕ್ಕ ನನಗೆ ಬೇಕಿರಲಿಲ್ಲ. ಅಂಕಿಗಳನ್ನು ಗೋಡೆಗೆ ನೇತುಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾ ಹೋದೆ. 'ಏಕಾದಶಿಯ ಪಕ್ಕ ಹತ್ತೊಂಬತ್ತೂವರೆ ಅಂತ ಬರೆದಿದ್ದೀಯ, ಯಾರ ಸಾಲವೋ?' ಎಂದು ಅಮ್ಮ ಕೇಳಿದ್ದುಂಟು.

ಮೂರು ವಾರ ಬರೆದ ಮೇಲೆ ಮೊದಲ ತಪ್ಪು ಕಣ್ಣಿಗೆ ಬಿತ್ತು. ನಾನು ಹಿಂದಿನ ವರ್ಷ ಹೀಟರ್ ಹಾಕುತ್ತಿದ್ದ ರಾತ್ರಿ ಒಂಬತ್ತಕ್ಕೆ ಕೋಣೆ ಇನ್ನೂ 23 ಡಿಗ್ರಿ ಇರುತ್ತಿತ್ತು. ನಮ್ಮದು ಸರಸ್ವತಿಪುರದ ಹಳೆಯ ಮನೆ, ಒಂದೂವರೆ ಇಟ್ಟಿಗೆಯ ಗೋಡೆ, ಮದ್ರಾಸ್ ತಾರಸಿ. ಹಗಲು ಕುಡಿದ ಬಿಸಿಲನ್ನು ಅಂಥ ಗೋಡೆ ನಡುರಾತ್ರಿಯವರೆಗೂ ಒಳಕ್ಕೆ ಬಿಡುತ್ತಿರುತ್ತದೆ. ಕೋಣೆ ನಿಜವಾಗಿ ತಣ್ಣಗಾಗುವುದು ನಾಲ್ಕರಿಂದ ಏಳರ ಒಳಗೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಹೊತ್ತಿಗೆ, ಅಲ್ಲಿಯವರೆಗೆ ಇಳಿಯುತ್ತಲೇ ಇರುತ್ತದೆ. ಅಮ್ಮ ಬಚ್ಚಲಿಗೆಂದು ಏಳುವುದೂ ಆ ಹೊತ್ತಿನಲ್ಲಿಯೇ. ಬೆಚ್ಚಗಿದ್ದ ಕೋಣೆಯನ್ನು ಇನ್ನಷ್ಟು ಬೆಚ್ಚಗೆ ಮಾಡಿ, ತಣ್ಣಗಾಗುವ ಹೊತ್ತಿಗೆ ಆರಿಸಿ ಗೊರಕೆ ಹೊಡೆಯುತ್ತಿದ್ದೆ.

ಬ್ಲೋವರನ್ನು ತಂಗಿಗೆ ಕೊಟ್ಟು ಎಣ್ಣೆ ತುಂಬಿದ ರೇಡಿಯೇಟರ್ ತಂದೆ. ಯಾವ ಜಾತಿಯ ಹೀಟರಾದರೂ ಒಂದು ಯೂನಿಟ್ ಕರೆಂಟಿಗೆ ಕೊಡುವ ಶಾಖ ಒಂದೇ, ಡಬ್ಬಿಯ ಮೇಲೆ ಏನೇ ಬರೆದಿರಲಿ. ವ್ಯತ್ಯಾಸವಿರುವುದು ಆ ಶಾಖ ಹೇಗೆ ತಲುಪುತ್ತದೆ ಎಂಬುದರಲ್ಲಿ. ಕೆಂಪಗೆ ಹೊಳೆಯುವ ಹ್ಯಾಲೊಜನ್ ಎದುರಿಗೆ ಕುಳಿತವರನ್ನು ತಕ್ಷಣ ಕಾಯಿಸುತ್ತದೆ, ಆದರೆ ಸೆರಗು, ಹೊದಿಕೆ ಹತ್ತಿರ ಬಂದರೆ ಅಪಾಯ. ರೇಡಿಯೇಟರ್ ಕಾಯಲು ಇಪ್ಪತ್ತು ನಿಮಿಷ ತೆಗೆದುಕೊಂಡರೂ ಸದ್ದಿಲ್ಲ, ಬೆಳಕಿಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಯುತ್ತದೆ. ಅದನ್ನು 1000 ವ್ಯಾಟಿಗೆ ಇಟ್ಟು, ಪವರ್ ಪ್ಲಗ್ಗಿಗೆ ಅದೇ ಸಾಮರ್ಥ್ಯದ ಟೈಮರ್ ಹಾಕಿದೆ. ನಾಲ್ಕಕ್ಕೆ ಹತ್ತುತ್ತದೆ, ಆರೂವರೆಗೆ ಆರುತ್ತದೆ. ಗವಾಕ್ಷಿಯನ್ನು ಪೂರ್ತಿ ಮುಚ್ಚದೆ ಎರಡು ಬೆರಳು ಸಂದಿ ಬಿಟ್ಟಿದ್ದೇನೆ.

ಹಾಗಾದರೆ ಯಾವ ದಿನದಿಂದ ಹಾಕುವುದು? ಅಮ್ಮನ ಪ್ರಕಾರ ಧನುರ್ಮಾಸ ಹುಟ್ಟುವವರೆಗೆ ಚಳಿ ಎನ್ನುವುದೇ ಇಲ್ಲ, ದೀಪಾವಳಿ ಕಳೆದ ಕೂಡಲೇ ಸ್ವೆಟರ್ ಹಾಕುವವರು ಸೋಮಾರಿಗಳು. ನನ್ನ ಹೆಂಡತಿ ಪತ್ರಿಕೆಯ ಹವಾಮಾನದ ಚೌಕ ನೋಡುತ್ತಾಳೆ: ಕನಿಷ್ಠ 15ಕ್ಕೆ ಬಂದರೆ ಹಾಕಿ ಎನ್ನುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯ ಒಳಗೆ 18 ಡಿಗ್ರಿಗಿಂತ ಕಡಿಮೆಯಾಗಬಾರದು, ವಯಸ್ಸಾದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು ಎಂದಿದೆ. ವರ್ಷದ ಬಹುಪಾಲು 26ರಲ್ಲಿ ಬದುಕುವ ನಮ್ಮ ಮೈಗೆ 18 ಎಂದರೆ ಹಿಮಾಲಯ. ಪಂಚಾಂಗದ ಅಂಚಿನ ಅಂಕಿಗಳನ್ನೂ ಅಮ್ಮನ ಪಾದವನ್ನೂ ಜೊತೆಗಿಟ್ಟು ನೋಡಿ ನಾನು 20ರಲ್ಲಿ ಗೆರೆ ಎಳೆದೆ. ದಿಂಬಿನ ಪಕ್ಕದ ಕನಿಷ್ಠ ಮೂರು ಬೆಳಿಗ್ಗೆ ಸತತ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಟೈಮರ್ ಚಾಲೂ. ಒಂದೇ ರಾತ್ರಿ ಇಳಿದರೆ ಲೆಕ್ಕಕ್ಕಿಲ್ಲ. ನವೆಂಬರಿನಲ್ಲಿ ಹೊರಗೆ ಇದ್ದಕ್ಕಿದ್ದಂತೆ ಚಳಿ ಬಿದ್ದರೂ ಗೋಡೆಯಲ್ಲಿ ಉಳಿದ ಕಾವು ಎರಡು ಮೂರು ದಿನ ಕಾಯುತ್ತದೆ. ಆ ವರ್ಷ ಹೀಗೆ ಡಿಸೆಂಬರ್ 19ಕ್ಕೆ ಹಾಕಿದೆ. ಧನುರ್ಮಾಸ ಆಗಲೇ ಹುಟ್ಟಿತ್ತು, ಅಮ್ಮ ಗೆದ್ದ ನಗೆ ನಕ್ಕಳು.

ಗೆರೆ ಸಿಕ್ಕಿತು ಎಂದು ನಾನು ಬೀಗಿದ್ದು ಒಂದೇ ವರ್ಷ. 2024ರ ಡಿಸೆಂಬರ್ ಮೊದಲ ವಾರ, ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿದ ಮೇಲೆ, ನಮ್ಮಲ್ಲಿಯೂ ಮೋಡ, ಜಿಟಿಜಿಟಿ ಮಳೆ. ಅಂಥ ದಿನಗಳಲ್ಲಿ ರಾತ್ರಿಯ ಉಷ್ಣತೆ ಇಳಿಯುವುದೇ ಇಲ್ಲ, ಮೋಡ ಕಂಬಳಿಯಂತೆ ಹೊದ್ದುಕೊಂಡಿರುತ್ತದೆ. ಪತ್ರಿಕೆಯ ಕನಿಷ್ಠ ನೋಡಿದರೆ ಹೀಟರಿನ ಮಾತೇ ಬೇಡ. ನನ್ನ ಥರ್ಮಾಮೀಟರಿನಲ್ಲಿಯೂ ಬೆಳಗಿನ ಜಾವ 21. ಆದರೂ ಅಮ್ಮ ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಮೊಣಕಾಲನ್ನು ಎದೆಗೆ ಸೇರಿಸಿಕೊಂಡು ಮಲಗಿದ್ದಳು, ಮಾತನಾಡಿಸಿದರೆ ಉತ್ತರ ನಿಧಾನ. ಪಾದ ಮತ್ತೆ ಕಲ್ಲು.

ಯಂತ್ರದ ಗುಂಡಿ ಒತ್ತಿ ದಿನದ ಗರಿಷ್ಠ ನೋಡಿದೆ: 22. ಕನಿಷ್ಠ 21, ಗರಿಷ್ಠ 22. ನಾನು ಎರಡು ವರ್ಷ ಕನಿಷ್ಠವನ್ನಷ್ಟೇ ಬರೆಯುತ್ತಿದ್ದೆ, ಗರಿಷ್ಠವನ್ನು ಕಣ್ಣೆತ್ತಿ ನೋಡಿರಲಿಲ್ಲ. ಜನವರಿಯ ತಿಳಿ ಆಕಾಶದ ದಿನ ಬೆಳಗಿನ ಜಾವ 19 ಆದರೂ ಒಂಬತ್ತಕ್ಕೆ ಅಮ್ಮ ಜಗಲಿಯ ಬಿಸಿಲಿಗೆ ಹೋಗಿ ಅವರೆಕಾಯಿ ಬಿಡಿಸುತ್ತಾ ಕೂರುತ್ತಾಳೆ. ಮಧ್ಯಾಹ್ನ ಕೋಣೆ 25 ಮುಟ್ಟುತ್ತದೆ. ಮೈ ಮರುಪೂರಣವಾಗುತ್ತದೆ, ಗೋಡೆಯೂ ಅಷ್ಟೇ. ಮೋಡದ ದಿನ ಅವೆರಡಕ್ಕೂ ಬಿಸಿಲಿಲ್ಲ. ಅಲ್ಲಾಡದೆ ಕುಳಿತ ವೃದ್ಧೆಗೆ ಇಪ್ಪತ್ನಾಲ್ಕು ಗಂಟೆಯೂ 21 ಎನ್ನುವುದು, ಮೂರು ಗಂಟೆ ಮಾತ್ರ ಇರುವ 19ಕ್ಕಿಂತ ಕೆಟ್ಟದ್ದು. ಮೈಸೂರಿನ ಚಳಿಯ ಬಗ್ಗೆ ನಾನು ಕಲಿತ ಹೊಸ ಸಂಗತಿ ಇದೊಂದೇ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಂಕಿ ಕ್ಯಾಪ್ ಹಾಕಿ ನಡೆಯುವ ಗೆಳೆಯರಿಗೆ ಹೇಳಿದರೆ ಈಗಲೂ ನಂಬುವುದಿಲ್ಲ. ಅವರು ನಡೆಯುತ್ತಾರೆ, ಅವರ ಮೈಯೇ ಹೀಟರ್.

ಅಂದಿನಿಂದ ಎರಡನೆಯ ನಿಯಮ ಸೇರಿತು. ಕೋಣೆಯ ಗರಿಷ್ಠ ಎರಡು ದಿನ 23 ಮುಟ್ಟದಿದ್ದರೆ, ತಿಂಗಳು ಯಾವುದೇ ಇರಲಿ, ಬೆಳಗಿನ ಜಾವದ ಜೊತೆಗೆ ಸಂಜೆ ನಾಲ್ಕರಿಂದ ಒಂದು ಗಂಟೆಯೂ ಹಾಕುತ್ತೇನೆ.

ಹೀಟರಿಲ್ಲದೆ ಆಗುವುದನ್ನೂ ಮಾಡಿದ್ದೇವೆ. ಕಂಬಳಿಯನ್ನು ಮೇಲೆ ಹೊದಿಸುವುದಕ್ಕಿಂತ ಹಾಸಿಗೆಯ ಕೆಳಗೆ ಹಾಸಿದಾಗ ಹೆಚ್ಚು ಫಲ ಸಿಕ್ಕಿತು, ಮಂಚದ ಅಡಿಯಿಂದ ಬರುವ ಚಳಿಯನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲಿನಲ್ಲಿ ಸುತ್ತಿ ಮಲಗುವ ಮುನ್ನ ಹಾಸಿಗೆಯಲ್ಲಿಟ್ಟು, ಅಮ್ಮ ಮಲಗುವಾಗ ತೆಗೆಯುತ್ತೇವೆ. ಪಾದದ ಸ್ಪರ್ಶ ಕಡಿಮೆಯಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಸುಟ್ಟದ್ದೇ ತಿಳಿಯುವುದಿಲ್ಲ. ಕಿಟಕಿಗಳನ್ನು ನಾಲ್ಕೂವರೆಗೇ ಮುಚ್ಚಬೇಕು. ಇದಕ್ಕೊಂದು ಜಗಳವಾಯಿತು: ದೀಪ ಹಚ್ಚುವ ಹೊತ್ತಿಗೆ ಮನೆ ಮುಚ್ಚಿಕೊಂಡಿದ್ದರೆ ಲಕ್ಷ್ಮಿ ಎಲ್ಲಿಂದ ಬರುತ್ತಾಳೆ ಎಂದು. ಕಿಟಕಿ ಮುಚ್ಚಿ, ದೀಪ ಹಚ್ಚುವವರೆಗೆ ಮುಂಬಾಗಿಲು ಮಾತ್ರ ತೆರೆದಿಡುವುದೆಂದು ಒಪ್ಪಂದವಾಯಿತು. ಅಮ್ಮನ ಕೋಣೆಯ ಬಾಗಿಲು ಮುಚ್ಚಿರುತ್ತದೆ, ಲಕ್ಷ್ಮಿ ನಡುಮನೆಯವರೆಗೆ ಬಂದರೆ ಸಾಕು.

ಇನ್ನು ಕರೆಂಟ್ ಬಿಲ್ಲು. ಹೀಟರಿಲ್ಲದ ತಿಂಗಳಲ್ಲಿ ನಮ್ಮದು ಸುಮಾರು 100 ಯೂನಿಟ್. ಗೃಹಜ್ಯೋತಿಯ ಉಚಿತ ಮಿತಿ ನಿಗದಿಯಾದದ್ದು 2022-23ರ ಸರಾಸರಿಯ ಮೇಲೆ ಶೇ 10 ಸೇರಿಸಿ. ಆ ಬ್ಲೋವರಿನ ದಡ್ಡತನದ ಚಳಿಗಾಲ ಅದೇ ವರ್ಷದಲ್ಲಿತ್ತು! ಸರಾಸರಿ 118ಕ್ಕೆ ಏರಿ ನಮಗೆ 130 ಯೂನಿಟ್ ಉಚಿತ ಸಿಕ್ಕಿತು. ನನ್ನ ತಪ್ಪಿಗೆ ಸರ್ಕಾರ ಪ್ರತಿ ತಿಂಗಳೂ ಬಹುಮಾನ ಕೊಡುತ್ತಿದೆ. ಈಗ ರೇಡಿಯೇಟರ್ ದಿನಕ್ಕೆ ಎರಡೂವರೆ ಗಂಟೆ ಇದ್ದರೂ ಥರ್ಮೋಸ್ಟಾಟ್ ನಡುನಡುವೆ ಕರೆಂಟ್ ಕಡಿಯುವುದರಿಂದ ಒಂದೂವರೆ ಯೂನಿಟ್ ಆಗುತ್ತದೆ, ತಿಂಗಳಿಗೆ 45. ಒಟ್ಟು 145ರಲ್ಲಿ ಹೆಚ್ಚುವರಿ 15ಕ್ಕೆ ಮಾತ್ರ ಹಣ ಕಟ್ಟುತ್ತೇವೆ. ಎಚ್ಚರ ಬೇಕಾದದ್ದು 200ರ ಗಡಿಯಲ್ಲಿ, ದಾಟಿದರೆ ಇಡೀ ಬಿಲ್ಲು ನಮ್ಮದೇ. 2025ರ ಸಂಕ್ರಾಂತಿಗೆ ತಂಗಿಯ ಸಂಸಾರ ಬಂದು ಹತ್ತು ದಿನ ಇತ್ತು, ಗೀಸರ್ ಓಡಿದ್ದೇ ಓಡಿದ್ದು. 207 ಆಯಿತು. ಎಳ್ಳು ಬೆಲ್ಲ ತಿಂದವರಿಗೆ ಬಿಲ್ಲು ತೋರಿಸುವ ಹಾಗಿಲ್ಲ.

ನಿಲ್ಲಿಸುವ ದಿನಕ್ಕೆ ಮಾತ್ರ ನಾನು ಯಂತ್ರವನ್ನು ಕೇಳುವುದಿಲ್ಲ. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಓಡಿಹೋಗುತ್ತದೆ ಎಂದು ಅಮ್ಮ ಹೇಳುತ್ತಾಳೆ, ಆದರೆ 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ ಬಂದಿತ್ತು, ಆ ಹೊತ್ತಿಗೆ ನಾವು ಫ್ಯಾನ್ ಹಾಕಿ ಒಂದು ವಾರವಾಗಿತ್ತು. ಕಳೆದ ಬಾರಿ ಫೆಬ್ರವರಿಯ ಎರಡನೆಯ ವಾರ ಒಂದು ಬೆಳಿಗ್ಗೆ ಐದಕ್ಕೆ ಅಮ್ಮ ಕಾಲ್ಚೀಲ ಎರಡನ್ನೂ ತೆಗೆದು ಮಂಚದ ಕೆಳಗೆ ಎಸೆದಿದ್ದಳು. ಅಂದೇ ಟೈಮರ್ ಕಿತ್ತೆ. ರೇಡಿಯೇಟರಿನ ರೆಕ್ಕೆಗಳ ನಡುವಿನ ದೂಳನ್ನು ಒಣಬಟ್ಟೆಯಲ್ಲಿ ಒರೆಸಿ, ಹಳೆಯ ಪಂಚೆ ಸುತ್ತಿ, ಅಟ್ಟಕ್ಕೆ ಹಾಕುವಾಗ ನೇರವಾಗಿ ನಿಲ್ಲಿಸಿದೆ. ಮಲಗಿಸಿಟ್ಟರೆ ಒಳಗಿನ ಎಣ್ಣೆ ಸರಿಯುತ್ತದೆ. ಅಮ್ಮ ಕೆಳಗಿನಿಂದ ಕೂಗಿದಳು: 'ಅಷ್ಟು ಒಳಕ್ಕೆ ತಳ್ಳಬೇಡ, ಕೈಗೆ ಸಿಗುವ ಹಾಗಿರಲಿ.'